ಮಳೆಗೆ ನೆನೆದ ಹತ್ತಿಕಟ್ಟಿಗೆ

ನನ್ನ ನಿವೃತ್ತಿಗೆ ಆರು ವರ್ಷ ಉಳಿದಿದ್ದವು. ವಿಶ್ವವಿದ್ಯಾಲಯವೊಂದರ ರಸಾಯನಶಾಸ್ತ್ರ ವಿಭಾಗದಲ್ಲಿ ಬ್ಯಾಟರಿ ಸಂಶೋಧನೆಯ ಪಿಎಚ್.ಡಿ. ಮಾರ್ಗದರ್ಶಕನಾಗಿದ್ದೆ. ನಾನು ಸಿಂಧನೂರಿನವನು, ಸಿಟ್ಟು ಮೂಗಿನ ತುದಿಯಲ್ಲೇ. ಮಸ್ಕಿ ಹತ್ತಿರದ ಹಳ್ಳಿಯ ಶಾಹಿನ್ ನನ್ನಲ್ಲಿ ಸೇರಿದಾಗ ನಮ್ಮ ಕಡೆಯ ಹುಡುಗಿ ಎಂದು ಒಳಗೊಳಗೇ ಹಿಗ್ಗಿದ್ದೆ.

ಅವಳ ವಿಷಯ ಸೋಡಿಯಂ ಬ್ಯಾಟರಿ. ಲಿಥಿಯಂ ನಮ್ಮಲ್ಲಿ ಕಡಿಮೆ, ಸೋಡಿಯಂ ಉಪ್ಪಿನಲ್ಲೇ ಇದೆ. ಅದನ್ನು ಹಿಡಿದಿಟ್ಟುಕೊಳ್ಳುವ ಕಾರ್ಬನ್ ಬೇಕು. ಹತ್ತಿ ಬಿಡಿಸಿದ ಮೇಲೆ ಉಳಿಯುವ ಕಟ್ಟಿಗೆಯನ್ನು ಗಾಳಿಯಾಡದ ಫರ್ನೇಸಿನಲ್ಲಿ ಕಾಯಿಸಿ ಅದನ್ನು ಮಾಡಬೇಕಿತ್ತು. ಎಲ್ಲರೂ ಕಟ್ಟಿಗೆಯನ್ನು ಆಸಿಡ್‌ನಲ್ಲಿ ತೊಳೆಯುತ್ತಾರೆ. ಆಸಿಡ್ ಇಲ್ಲದೆ ಮಾಡಬೇಕು, ಹೊಲಸು ನೀರು ಬಿಡಬಾರದು ಎಂಬುದು ನನ್ನ ಹಟ. ಪ್ರಬಂಧವೇ ಆ ಹಟದ ಮೇಲೆ ನಿಂತಿತ್ತು.

ಅವಳು ತನ್ನ ಊರಿನಿಂದ ತಂದ ಮೊದಲ ಚೀಲದ ಕಾರ್ಬನ್ನಿನ ಬ್ಯಾಟರಿ ಐದುನೂರು ಸಲ ಚಾರ್ಜ್ ಆಗಿ ಇಳಿದರೂ ಕುಗ್ಗಲಿಲ್ಲ. ಎಲ್ಲರಿಗೂ ಚಹಾ ಕುಡಿಸಿದೆ. ಆ ಚೀಲ ಮುಗಿದ ಮೇಲೆ ಅದೇ ಹೊಲದಿಂದ, ಅದೇ ಮನೆಯಿಂದ ಚೀಲಗಳು ಬಂದವು. ಒಂದೂ ನೂರು ದಾಟಲಿಲ್ಲ. ಉಷ್ಣತೆ ಬದಲಿಸಿದೆವು, ಸಮಯ ಬದಲಿಸಿದೆವು, ಫರ್ನೇಸಿನ ಕೊಳವೆಯನ್ನೇ ಬದಲಿಸಿದೆವು. ನಾಲ್ಕು ವರ್ಷ ಹಾಗೇ ಹೋಯಿತು.

ಕೊನೆಗೊಂದು ದಿನ ಲ್ಯಾಬಿನಲ್ಲಿ ಎಲ್ಲರೆದುರು ಅವಳನ್ನು ಕೇಳಿಬಿಟ್ಟೆ: “ಆ ಐದುನೂರರ ಲೆಕ್ಕ ಬ್ಯಾಟರಿ ಕೊಟ್ಟಿದ್ದೋ, ನೀನೇ ಬರ್ಕೊಂಡಿದ್ದೋ?”

“ಬ್ಯಾಟರಿನ ಕೊಟ್ಟದ್ದರೀ ಸರ್,” ಎಂದಳು. ಅಷ್ಟೇ. ಅಳಲೂ ಇಲ್ಲ.

ಮತ್ತೊಮ್ಮೆ ಮಾಡಿ ತೋರಿಸಲಾಗದ ಫಲಿತಾಂಶಕ್ಕೆ ನಾನು ಸಹಿ ಹಾಕಲಿಲ್ಲ. ನಿಯಮದ ಪ್ರಕಾರ ಅದು ಸರಿಯೇ. ಅವಳ ಫೆಲೋಶಿಪ್ ಮುಗಿಯಿತು, ನೋಂದಣಿಯೂ ರದ್ದಾಯಿತು. ಲಿಂಗಸುಗೂರಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ ಎಂದು ಕೇಳಿದೆ. ಮರುವರ್ಷ ನಾನೂ ನಿವೃತ್ತನಾದೆ.

ಸಾಮಾನು ಕಟ್ಟುವಾಗ ಅವಳ ಲ್ಯಾಬ್ ನೋಟ್‌ಬುಕ್ ಸಿಕ್ಕಿತು. ಕೊಟ್ಟುಬರೋಣ ಎಂದು ಬಸ್ಸು ಹಿಡಿದು ಅವಳ ಊರಿಗೆ ಹೋದೆ. ಮಾರ್ಗದರ್ಶಕನಾಗಿ ಒಮ್ಮೆಯೂ ಹೋಗದಿದ್ದ ಮನೆ. ಅವಳು ಶಾಲೆಗೆ ಹೋಗಿದ್ದಳು. ತಾಯಿ ಮಾಬೂಬಿ ಚಹಾ ಕೊಟ್ಟು, ಹಿತ್ತಲ ಹತ್ತಿಕಟ್ಟಿಗೆಯ ಬಣವೆ ತೋರಿಸಿ ಕೇಳಿದರು: “ನಮ್ಮ ಕಟಿಗ್ಯಾಗ ಏನರ ಖರಾಬ್ ಇತ್ತೇನ್ರೀ ಸರ್? ಮೊದಲನೇ ಸಲ ಅಷ್ಟ ತಪ್ಪಾತು ನೋಡ್ರಿ. ಮಳಿಗಾಲ ಪೂರಾ ನೆಂದು ಕರ್ರಗಾಗಿದ್ದನ್ನ ತುಂಬಿ ಕಳಿಸಿಬಿಟ್ಟೆ. ಆಮ್ಯಾಲೆ ಭಾಳ ಕೆಟ್ಟ ಅನಿಸ್ತು. ಮಗಳು ಓದಾಕ ಒಯ್ಯೂದಲ್ರಿ? ಮುಂದ ಪ್ರತಿ ವರ್ಷ ಹೊಸಾದು ಆರಿಸಿ, ತಗಡಿನ ಕೆಳಗ ಒಣಗಿಸಿ ಇಡ್ತಿದ್ದೆ. ನೆಂದದ್ದೆಲ್ಲ ನಮ್ಮ ಒಲಿಗೆ.”

ಚಹಾ ಕೆಳಗಿಟ್ಟು ಬಣವೆಯಿಂದ ಒಂದು ಕರಿ ಕಟ್ಟಿಗೆ ಎಳೆದು ನೋಡಿದೆ. ಕಟ್ಟಿಗೆಯೊಳಗಿನ ಪೊಟ್ಯಾಸಿಯಂ ಲವಣ ಕಾರ್ಬನ್ನನ್ನು ಕೆಡಿಸುತ್ತದೆ, ಆಸಿಡ್ ಹಾಕುವುದು ಅದನ್ನು ತೆಗೆಯಲಿಕ್ಕೇ. ತಿಂಗಳುಗಟ್ಟಲೆ ಬಿದ್ದ ಮಳೆ ಆ ಕೆಲಸ ಮಾಡಿರಬೇಕು. ನಾನು ಹಟ ಹಿಡಿದು ಹುಡುಕಿಸಿದ ಉತ್ತರ ನಾಲ್ಕು ವರ್ಷವೂ ಇವರ ಒಲೆಯಲ್ಲಿ ಉರಿದುಹೋಗಿತ್ತು. ಅಳೆದು ನೋಡಲು ನನಗೀಗ ಲ್ಯಾಬ್ ಇಲ್ಲ.

“ಕಟಿಗಿ ಚಲೋ ಇತ್ತವ್ವ,” ಎಂದೆ.

ಅಲ್ಲಿಂದ ನೇರ ಲಿಂಗಸುಗೂರಿಗೆ ಹೋದೆ. ಶಾಲೆಯ ವರಾಂಡದಲ್ಲಿ ನಿಂತು ಎಲ್ಲ ಹೇಳಿದೆ. “ತಪ್ಪು ನಂದವ್ವ, ಕ್ಷಮಿಸು. ಮತ್ತ ಅರ್ಜಿ ಹಾಕು, ನಾ ಪತ್ರ ಬರೀತೀನಿ,” ಎಂದೆ.

ಶಾಹಿನ್ ನೋಟ್‌ಬುಕ್ಕಿನ ಆ ಐದುನೂರರ ಪುಟ ತೆರೆದು ನೋಡಿ ಮುಚ್ಚಿದಳು. “ಇನ್ನ ಆಗೂದಿಲ್ರಿ ಸರ್. ಅಮ್ಮಿಗೆ ಮಾತ್ರ ಹೇಳಬ್ಯಾಡ್ರಿ.” ಗಂಟೆ ಹೊಡೆಯಿತು. ನೋಟ್‌ಬುಕ್ಕನ್ನು ನನ್ನ ಕೈಗೇ ಕೊಟ್ಟು ತರಗತಿಗೆ ಹೋದಳು.

ಫರ್ನೇಸ್ ಎಷ್ಟು ಕಾದಿತ್ತು ಎಂದು ಆ ಹುಡುಗಿಯನ್ನು ಸಾವಿರ ಸಲ ಕೇಳಿದ್ದೆ. ಚೀಲ ತುಂಬಿದವರು ಯಾರು, ಎಲ್ಲಿಂದ ತುಂಬಿದರು ಎಂದು ಒಮ್ಮೆಯೂ ಕೇಳಲಿಲ್ಲ. ಅದನ್ನೂ ಕೇಳಬೇಕು ಎಂದು ವೃತ್ತಿ ನನಗೆ ತಡವಾಗಿ ಕಲಿಸಿತು, ಆದರೆ ಕಲಿತದ್ದನ್ನು ಹೇಳಿಕೊಡಲು ಈಗ ವಿದ್ಯಾರ್ಥಿಗಳಿಲ್ಲ. ನೋಟ್‌ಬುಕ್ ನನ್ನ ಮನೆಯಲ್ಲೇ ಇದೆ.