ಉದ್ದು ತೊಳೆಯುವ ಮಷೀನಿಗೆ ಸಿಗದ ನಂಬರು

ಲೇಥಿನಣ್ಣನ ಮಷೀನನ್ನು ಯಾರೂ ಕದಿಯಲಿಲ್ಲ. ವಕೀಲನ ಎದುರು ನಾನು ಬಾಯಿ ಬಿಟ್ಟೆ, ಅದು ಕೈತಪ್ಪಿತು. ಆದದ್ದು ಇಷ್ಟೇ.

ಮೊನ್ನೆ ಬೊರಿವಲಿಯ ಮನೆಯಲ್ಲಿ ಸೊಸೆ ಸಿಪ್ಪೆಯ ಉದ್ದು ನೆನೆಹಾಕಿ ಮರೆತಿದ್ದಳು. ಮುಚ್ಚಳ ತೆಗೆದಾಗ ಬಂದ ಹುಳಿ ವಾಸನೆಗೆ ಲೇಥಿನಣ್ಣ ನೆನಪಾದರು. ಮೊಮ್ಮಗಳು ಅಲ್ಲೇ ಕೂತು ಕಾಲೇಜಿನ ಪ್ರಾಜೆಕ್ಟ್ ಬರೆಯುತ್ತಿದ್ದಳು. ಯಾವ ಊರಿನವರು ಎಷ್ಟು ಪೇಟೆಂಟ್ ತೆಗೆದರು ಎಂದು ಎಣಿಸಿದರೆ ಎಲ್ಲಿ ಹೊಸದು ಹುಟ್ಟಿತು, ಎಲ್ಲಿ ದಂಧೆ ಬೆಳೆಯಿತು ಎಂದು ತಿಳಿಯುತ್ತದಂತೆ. ಹೊಸದೇನಾದರೂ ಮಾಡಿದವನ ಹೆಸರಿಗೆ ಸರಕಾರ ಕೊಡುವ ಕಾಗದ ಅದು; ಅದಿದ್ದರೆ ಬೇರೆಯವರು ನಕಲು ಮಾಡಿ ಮಾರುವಂತಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಆದರೆ ಆ ಪದ ಗೊತ್ತಿತ್ತು.

ಎಪ್ಪತ್ತರ ದಶಕ. ಗೋರೆಗಾಂವ್‌ನ ಚಾಳಿನಲ್ಲಿ ಅವರದು ನಮ್ಮ ಪಕ್ಕದ ಖೋಲಿ. ಬಾಗಲಕೋಟೆ ಕಡೆಯವರು, ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇಥ್ ನಡೆಸುತ್ತಿದ್ದರು. ಎಲ್ಲರೂ ಲೇಥಿನಣ್ಣ ಅನ್ನುತ್ತಿದ್ದೆವು. ನಾನು ಉಡುಪಿಯವರ ಹೋಟೆಲಿನ ಹಿಂದೆ ಉದ್ದು ತೊಳೆಯುತ್ತಿದ್ದೆ. ನೆನೆದ ಉದ್ದನ್ನು ಉಜ್ಜಿ ಉಜ್ಜಿ ಕಪ್ಪು ಸಿಪ್ಪೆ ತೇಲಿಸಬೇಕು. ಬೆರಳ ಸಂದು ಕೊಳೆತು ಬೆಳ್ಳಗಾಗಿತ್ತು. ಒಂದು ದಿನ ನಲ್ಲಿಯ ಹತ್ತಿರ ಅವರು ನೋಡಿದರು.

"ತಂಗೀ, ಇವು ಬೆರಳೋ, ತೋಯಿಸಿಟ್ಟ ಅವಲಕ್ಕಿಯೋ?"

"ಕಬ್ಬಿಣ ತಿರುಗಿಸುವವರಿಗೆ ಎಂತ ಗೊತ್ತು" ಅಂದೆ.

ಎರಡು ತಿಂಗಳಿಗೆ ಒಂದು ಡ್ರಮ್ಮು ತಂದರು. ಹೊರಗೆ ಹಿಡಿ, ಒಳಗೆ ತೆಂಗಿನ ನಾರಿನ ಬ್ರಶ್ಶು, ಮೇಲೊಂದು ಕೊಳವೆ. ತಿರುಗಿಸಿದರೆ ಸಿಪ್ಪೆ ನೀರಿನ ಜೊತೆ ಹೊರಗೆ ಹೋಗುತ್ತದೆ, ಬೇಳೆ ಒಳಗೆ ಉಳಿಯುತ್ತದೆ. ನನ್ನ ಬೆರಳು ವಾಸಿಯಾಯಿತು.

ಅವರ ವರ್ಕ್‌ಶಾಪಿನ ಸೇಠ್ ಮಾತು ಕೊಟ್ಟಿದ್ದ. ಪೇಟೆಂಟಿನ ನಂಬರು ತಂದರೆ ಈ ಮಷೀನನ್ನು ವರ್ಕ್‌ಶಾಪಿನಲ್ಲೇ ಮಾಡೋಣ, ನಿಮ್ಮನ್ನು ಪಾಲುದಾರ ಮಾಡಿಕೊಳ್ಳುತ್ತೇನೆ ಎಂದು. ಇಲ್ಲವಾದರೆ ಲೇಥೇ ಗತಿ. ಇವರು ತಕ್ಷಣ ವಕೀಲನ ಹತ್ತಿರ ಹೋಗಬೇಕಿತ್ತು. ಹೋಗಲಿಲ್ಲ.

"ಹೋಟೆಲ್‌ದಾಗ ಓಡಿದ ಮ್ಯಾಲೇ ಅದು ಮಷೀನು. ಅಲ್ಲೀತನಾ ಬರೀ ಡಬ್ಬಿ" ಅಂದರು.

ಆರು ತಿಂಗಳು ನಮ್ಮ ಹೋಟೆಲಿನಲ್ಲಿ ಓಡಿಸಿದರು. ಅಡುಗೆಯವರು, ಹಾಲಿನವನು, ಪಕ್ಕದ ಹೋಟೆಲಿನವರು, ಎಲ್ಲರೂ ಬಂದು ತಿರುಗಿಸಿ ನೋಡಿದರು. ಆಮೇಲೆ ಫೋರ್ಟ್ ಕಡೆಯ ವಕೀಲನ ಹತ್ತಿರ ಹೊರಟಾಗ ನನ್ನನ್ನೂ ಕರೆದರು. ಮಷೀನು ಚೆನ್ನಾಗಿ ನಡೆಯುತ್ತದೆ ಎಂದು ಹೇಳಲಿಕ್ಕೆ ಒಂದು ಸಾಕ್ಷಿ ಬೇಕಲ್ಲ… ಇಸ್ತ್ರಿ ಮಾಡಿದ ಷರ್ಟು ಹಾಕಿದ್ದರು.

ವಕೀಲ ಕಾಗದದ ಮೇಲೆ ಪೆನ್ನು ಇಟ್ಟುಕೊಂಡೇ ಕೇಳಿದ, "ಕಬ್ ಸೇ ಚಾಲೂ ಹೈ?" ಯಾವಾಗಿನಿಂದ ನಡೆಯುತ್ತಿದೆ ಎಂದು.

ಲೇಥಿನಣ್ಣ ಹಿಂದಿಯಲ್ಲಿ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದರು. ನಾನೇ ಹೇಳಿದೆ, "ಗಣಪತಿ ಕೇ ಪೆಹಲೇ ಸೇ," ಗಣಪತಿ ಹಬ್ಬಕ್ಕೂ ಮೊದಲಿನಿಂದ ಎಂದು. ಹೋಟೆಲಿನಲ್ಲಿ ಎಲ್ಲರ ಎದುರೇ ಓಡುತ್ತದೆ ಎಂದೂ ಸೇರಿಸಿದೆ.

ವಕೀಲ ಪೆನ್ನಿನ ಮುಚ್ಚಳ ಹಾಕಿದ. ಇಷ್ಟು ಜನ ನೋಡಿಯಾದ ಮೇಲೆ ಅದನ್ನು ಹೊಸದು ಎಂದು ಬರೆಯಲಾಗದು, ಮೊದಲು ಇಲ್ಲಿಗೆ ಬರಬೇಕಿತ್ತು ಅಂದ.

ವಾಪಸು ಬರುವಾಗ ಲೋಕಲ್ ರೈಲಿನಲ್ಲಿ ಕೇಳಿದೆ. "ಸುಳ್ಳು ಹೇಳಬೇಕಿತ್ತಾ ಅಣ್ಣ?"

"ನಿನ್ನ ಕರಕೊಂಡು ಹೋದಾವ ನಾನ ಅಲ್ಲೇನವಾ" ಅಂದರು. ಸಂಜೆ ತಾವೇ ಹೋಟೆಲ್ ಧಣಿಯ ಗಲ್ಲಾಪೆಟ್ಟಿಗೆಯ ಹತ್ತಿರ ನಿಂತು ನಂಬರು ಸಿಗುವುದಿಲ್ಲವಂತೆ ಎಂದು ಹೇಳಿ ಬಂದರು.

ಅಂಥ ಡ್ರಮ್ಮು ಆಮೇಲೆ ಬೊರಿವಲಿಯಿಂದ ಆಂಟಾಪ್ ಹಿಲ್‌ವರೆಗೆ ಹೋಟೆಲ್ ಹೋಟೆಲಿನಲ್ಲಿ ಬಂತು. ಬೇರೆ ಬೇರೆಯವರು ಮಾಡಿ ಮಾರಿದರು. ಲೇಥಿನಣ್ಣ ವರ್ಕ್‌ಶಾಪು ಮುಚ್ಚುವವರೆಗೆ ಲೇಥ್ ನಡೆಸಿ ಊರಿಗೆ ಹೋದರು. ಸತ್ತ ಸುದ್ದಿ ಒಂದು ಕಾರ್ಡಿನಲ್ಲಿ ಬಂತು. ನಾನು ಅಳಲಿಲ್ಲ. ಏನೂ ಅನಿಸಲೂ ಇಲ್ಲ… ಈಗಲೂ ಹಾಗೆಯೇ. ಅವರದು ಎಂದು ತೋರಿಸಲು ಒಂದು ತಗಡೂ ಉಳಿದಿಲ್ಲ ಎಂಬುದು ಮಾತ್ರ ಗೊತ್ತು.

ಮೊಮ್ಮಗಳು ಎಲ್ಲ ಕೇಳಿದಳು. "ಅಜ್ಜಿ, ನಂಬರ್ ಇಲ್ಲ ಅಂದ್ರೆ ಕೌಂಟ್ ಆಗಲ್ಲ ನಾ. ಫಿರ್? ನೆಕ್ಸ್ಟ್ ಡೇ ನೀನು ಏನ್ ಮಾಡಿದೆ?"

ಮರುದಿನ ಬೆಳಿಗ್ಗೆ ಉದ್ದು ತೊಳೆಯಲು ಹೋದೆ. ಧಣಿಯ ಭಾವಮೈದ ಬಂದಿದ್ದ. ಅವನದೂ ಒಂದು ವರ್ಕ್‌ಶಾಪು ಇತ್ತು. ಡ್ರಮ್ಮಿನ ಅಳತೆ ತೆಗೆಯುತ್ತಿದ್ದ. ಟೇಪಿನ ಆ ತುದಿ ಸ್ವಲ್ಪ ಹಿಡಿಯಿರಿ ಅಂದ. ಹಿಡಿದೆ.