ಗೇಟ್‌ವಾಲ್ ಮೇಲಿನ ಚಿಪ್ಪು

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತಿದ್ದೆ. ಒಂದು ದಿನ ಪ್ರಿನ್ಸಿಪಾಲರು ಯಾವುದೋ ಮೀಟಿಂಗ್ ಮುಗಿಸಿಕೊಂಡು ಬಂದವರೇ ನನ್ನನ್ನು ಕರೆಸಿದರು. "ನೋಡಿ ಮೇಡಂ, ಮಾತಿಲ್ಲದ ಸಂವಹನ ಅಂತ ಒಂದು ಹೊಸ ವಿಷಯ. ಅದರ ಸಂಶೋಧನೆಗೆ ನಮ್ಮಲ್ಲೇ ಒಂದು ವಿಭಾಗ ತೆಗೆಯೋಣ. ಕಟ್ಟೋ ಜವಾಬ್ದಾರಿ ನಿಮ್ಮದು" ಎಂದರು. ಸ್ಟಾಫ್ ರೂಮಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವಳು ನಾನೇ. ನನ್ನ ಬಾಯಿ ಮುಚ್ಚಿಸಲು ಪ್ರಿನ್ಸಿಪಾಲರಿಗೆ ಕೊನೆಗೂ ಒಂದು ದಾರಿ ಸಿಕ್ಕಿತು ಎಂದು ಸಹೋದ್ಯೋಗಿಗಳು ಒಂದು ವಾರ ಆಡಿಕೊಂಡರು.

ವಿಭಾಗಕ್ಕೆ ಸಿಕ್ಕಿದ್ದು ಆಟದ ಸಾಮಾನು ತುಂಬಿದ್ದ ಕೋಣೆ. ಹರಿದ ವಾಲಿಬಾಲ್ ನೆಟ್ಟು, ಕಾಲು ಮುರಿದ ಬೆಂಚುಗಳನ್ನೆಲ್ಲ ಆಚೆ ಹಾಕಿಸಿ, ಎರಡು ಮೇಜು, ಒಂದು ಕಬ್ಬಿಣದ ಬೀರು ತರಿಸಿದೆ. ಬಾಗಿಲ ಮೇಲೆ ಹೆಸರು ಬರೆಯಲು ಬಂದ ಪೇಂಟರ್, ಒಳಗೆ ಏನು ಮಾಡುತ್ತೀರಿ ಎಂದು ಕೇಳಿದ. ಜನ ಬಾಯಿ ಬಿಡದೆ ಒಬ್ಬರಿಗೊಬ್ಬರು ಹೇಗೆ ವಿಷಯ ತಿಳಿಸುತ್ತಾರೆ ಎಂದು ನೋಡುತ್ತೇವೆ ಎಂದೆ. "ಅದುಕ್ಕೆ ಇಷ್ಟೆಲ್ಲ ಯಾಕೆ ಮೇಡಂ? ನಮ್ಮನೇಗೆ ಬನ್ನಿ. ನಮ್ಮವಳು ಲೋಟ ಕುಕ್ಕೋದು ನೋಡಿದ್ರೆ ಸಾಕು" ಎಂದ. ನಗು ಬಂತು. ಆದರೆ ಅವನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಕೋಣೆ ಸಿಕ್ಕಿದರೂ ವಿಭಾಗ ಇನ್ನೂ ಖಾಯಂ ಆಗಿರಲಿಲ್ಲ. ಮಾರ್ಚಿನಲ್ಲಿ ಇಬ್ಬರು ಸದಸ್ಯರ ಸಮಿತಿ ಬರುವುದಿತ್ತು. ಅಷ್ಟರೊಳಗೆ ಈ ಸೀಮೆಯದೇ ಒಂದು ಅಧ್ಯಯನ ತೋರಿಸಬೇಕು, ಇಲ್ಲದಿದ್ದರೆ ಆ ಕೋಣೆಗೆ ಮತ್ತೆ ವಾಲಿಬಾಲ್ ನೆಟ್ಟೇ ಗತಿ. ಮೊದಲು ದನದ ಸಂತೆಗೆ ಹೋದೆ. ಅಲ್ಲಿ ವ್ಯಾಪಾರ ನಡೆಯುವುದು ಟವೆಲ್ಲಿನ ಕೆಳಗೆ, ಬೆರಳು ಹಿಡಿದು. ನಾನು ಎರವಲು ತಂದ ಕ್ಯಾಮೆರಾ ಎತ್ತಿದ ಕೂಡಲೇ ಒಬ್ಬ ದಲ್ಲಾಳಿ ಕೈ ಹಿಂದಕ್ಕೆ ಎಳೆದುಕೊಂಡ. "ಕಾಣಬಾರ್ದು ಅಂತ್ಲೇ ಟವಲ್ ಹಾಕೋದು ಕಣಮ್ಮ. ನೀವು ಫೋಟೋ ತೆಗೀತೀನಿ ಅಂದ್ರೆ ಹೆಂಗೆ?" ಎಂದ. ಅವನ ಮಾತು ನ್ಯಾಯವಾಗಿಯೇ ಇತ್ತು. ಬಸ್ಸು ಹತ್ತಿ ವಾಪಸು ಬಂದೆ.

ಆ ಭಾನುವಾರ ದಂಡಿನಶಿವರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ತೋಟದಲ್ಲಿ ಅಪ್ಪನ ಜೊತೆ ನಿಂತಿದ್ದಾಗ ಪೇಂಟರನ ಮಾತು ನೆನಪಾಯಿತು. ನನ್ನ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು ಆಗ ಹನ್ನೊಂದು ವರ್ಷವಾಗಿತ್ತು. ಕಾರಣ ನಾನೇ. ದೊಡ್ಡಪ್ಪ ನನಗೊಂದು ಗಂಡು ನೋಡಿಕೊಂಡು ಬಂದಿದ್ದರು. ಓದು ಮುಗಿಯಲಿ ಎಂದು ನಾನು ಹಟ ಹಿಡಿದೆ, ಅಪ್ಪ ನನ್ನ ಪರ ನಿಂತರು. ಅಣ್ಣನ ಮಾತಿಗೆ ಬೆಲೆಯಿಲ್ಲವಲ್ಲ ಎಂದು ಎದ್ದು ಹೋದ ದೊಡ್ಡಪ್ಪ ಆಮೇಲೆ ಅಪ್ಪನೊಂದಿಗೆ ಒಂದು ಮಾತೂ ಆಡಲಿಲ್ಲ. ಆದರೆ ತೆಂಗಿನ ತೋಟ ಪಕ್ಕಪಕ್ಕದಲ್ಲೇ ಇತ್ತು, ಬೋರ್‌ವೆಲ್ ಇಬ್ಬರಿಗೂ ಒಂದೇ. ಬಾಯಿ ಬಿಡದೆ ಇವರು ಹನ್ನೊಂದು ವರ್ಷ ತೋಟ ನಡೆಸಿದ್ದಾದರೂ ಹೇಗೆ? ಇಷ್ಟು ದಿನ ಇದನ್ನು ಕೇಳಿಕೊಳ್ಳದ ನನ್ನ ಮೇಲೇ ನನಗೆ ಸಿಟ್ಟು ಬಂತು. ಅಂದೇ ಒಂದು ನೋಟ್‌ಬುಕ್ ಶುರು ಮಾಡಿದೆ.

ಎರಡೇ ತಿಂಗಳಲ್ಲಿ ನೋಟ್‌ಬುಕ್ಕಿನ ಅರ್ಧ ತುಂಬಿತು. ಮೋಟರ್ ಕೆಟ್ಟರೆ ದೊಡ್ಡಪ್ಪ ಪಂಪ್‌ಹೌಸಿನ ಮೊಳೆಗೆ ಟವೆಲ್ ನೇತುಹಾಕುತ್ತಿದ್ದರು. ಅಪ್ಪ ಅದನ್ನು ದೂರದಿಂದಲೇ ನೋಡಿ ರಿಪೇರಿಯವನಿಗೆ ಹೇಳಿಕಳಿಸುತ್ತಿದ್ದರು. ಕಾಯಿ ಕೆಡವಿಸುವ ಹಿಂದಿನ ದಿನ ಅಪ್ಪ ದೋಟಿಯನ್ನು ದೊಡ್ಡಪ್ಪನ ಬೇಲಿಗೆ ಒರಗಿಸಿ ಬರುತ್ತಿದ್ದರು. ತೀರಾ ಕಷ್ಟದ ವಿಷಯವಾದರೆ ದೊಡ್ಡಪ್ಪ ತಮ್ಮ ಹಸುವಿಗೆ ಹೇಳುತ್ತಿದ್ದರು: "ಏನವ್ವಾ, ನಾಳೆ ತುರುವೇಕೆರೆಯಿಂದ ಸರ್ವೆಯೋರು ಬತ್ತಾರಂತೆ, ಬೆಳಿಗ್ಗೆ ತೋಟದ ತಾವ ಇರ್ಬೇಕಂತೆ." ಬೇಲಿಯ ಈಚೆ ಅಪ್ಪ ಕೆಮ್ಮುತ್ತಿದ್ದರು. ಹಸುವಿನ ಜೊತೆ ಆಡಿದ್ದು ಮಾತಿಲ್ಲದ ಸಂವಹನಕ್ಕೆ ಸೇರುತ್ತದೋ ಇಲ್ಲವೋ ಎಂದು ನಾನು ಎರಡು ದಿನ ತಲೆ ಕೆಡಿಸಿಕೊಂಡೆ.

ಬಿಡಿಸಲಾಗದೆ ಉಳಿದದ್ದು ಚಿಪ್ಪಿನ ವಿಷಯ. ಬೋರಿನ ನೀರು ಯಾರ ತೋಟಕ್ಕೆ ಹೋಗಬೇಕೆಂದು ತಿರುಗಿಸಲು ನೆಲದ ಹತ್ತಿರ ಒಂದು ಗೇಟ್‌ವಾಲ್ ಇತ್ತು. ಮೊದಲು ದೊಡ್ಡಪ್ಪನ ಸರದಿ, ಆಮೇಲೆ ಅಪ್ಪನದು. ದೊಡ್ಡಪ್ಪ ತಮ್ಮ ಸರದಿ ಮುಗಿಸಿ ಅದರ ಮೇಲೊಂದು ತೆಂಗಿನ ಚಿಪ್ಪು ಇಟ್ಟು ಹೋಗುತ್ತಿದ್ದರು. ಚಿಪ್ಪು ಅಂಗಾತ ಇದ್ದರೆ ನನ್ನದಾಯಿತು, ಇನ್ನು ನಿನ್ನದು ಎಂದರ್ಥ. ಕೆಲವು ದಿನ ಅದು ಬೋರಲಾಗಿ ಇರುತ್ತಿತ್ತು. ಆ ದಿನ ಅಪ್ಪ ಬಂದವರೇ ಚಿಪ್ಪನ್ನು ಕಾಲಿನಿಂದ ಒದ್ದು ಕೆಡವಿ, ಉದ್ದನೆಯ ಕೀಲಿಯಿಂದ ನಿಂತೇ ವಾಲ್ ತಿರುಗಿಸಿ ಅರ್ಧ ಗಂಟೆ ನೀರು ಬಿಟ್ಟು ನಿಲ್ಲಿಸಿಬಿಡುತ್ತಿದ್ದರು. ಯಾಕೆಂದು ಕೇಳಿದರೆ ಮರದ ಕಡೆ ಮುಖ ತಿರುಗಿಸುತ್ತಿದ್ದರು. ಸಿಟ್ಟು, ಅದೂ ಹಳೇ ಸಿಟ್ಟು ಎಂದು ಬರೆದುಕೊಂಡೆ. ಮುಖ ಓದುವುದರಲ್ಲಿ ನಾನು ಪರಿಣತಳಲ್ಲವೇ!

ಗುರುತು ಇಟ್ಟವರನ್ನೂ ಕೇಳಬೇಕಿತ್ತು. ದೊಡ್ಡಪ್ಪನ ಜಗಲಿಗೆ ಹೋಗಿ ಕೂತೆ. ಅವರು ಮೊದಲು ನಕ್ಕರು, ಆಮೇಲೆ ದನಿ ಇಳಿಸಿದರು. "ಅವನಿಗೆ ಸೊಂಟ ಸರಿಯಿಲ್ಲ ಕಣವ್ವ. ನೋವು ಜಾಸ್ತಿ ಇರೋ ದಿನ ನಡಿಗೇಲೇ ಗೊತ್ತಾಯ್ತದೆ. ಅವತ್ತು ನಾನೇ ಅವನ ಮರಗಳಿಗೂ ನೀರು ಕಟ್ಟಿ ಚಿಪ್ಪು ಬೋರಲು ಹಾಕ್ತೀನಿ. ನೀನು ನೀರು ಕಟ್ಟೋದು ಬ್ಯಾಡ ಅಂತ." ನನ್ನ ಕಡೆ ಬಾಗಿ ಕೇಳಿದರು: "ಅವನಿಗೆ ಅದು ತಿಳಿದೈತೋ ಇಲ್ವೋ? ನಿಂಗೇನಾರ ಗೊತ್ತಾ?"

ಅಣ್ಣ ಅಕ್ಕರೆಯಿಂದ ಇಟ್ಟ ಚಿಪ್ಪನ್ನು ಅಪ್ಪ ತಪ್ಪು ತಿಳಿದು ಒದೆಯುತ್ತಿದ್ದಾರೆ! ಓಡಿಹೋಗಿ ಅಪ್ಪನಿಗೆ ಹೇಳಿದರೆ ಅವರು ಅಂದೇ ಸಂಜೆ ಈ ಜಗಲಿ ಹತ್ತುತ್ತಾರೆ, ಹನ್ನೊಂದು ವರ್ಷದ ಮೌನ ಮುರಿಯುತ್ತದೆ. ಆದರೆ ಸಮಿತಿ ಬರಲು ಮೂರು ವಾರವಷ್ಟೇ ಇತ್ತು. ಅಣ್ಣತಮ್ಮಂದಿರು ಮಾತಾಡಿಬಿಟ್ಟರೆ ನನ್ನ ಅಧ್ಯಯನದಲ್ಲಿ ಉಳಿಯುವುದೇನು? ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಾನು ವಿಭಾಗವನ್ನೇ ಆರಿಸಿಕೊಂಡೆ. "ವಿಚಾರಿಸ್ತೀನಿ ದೊಡ್ಡಪ್ಪ" ಎಂದು ಎದ್ದು ಬಂದೆ. ಮುಂದಿನ ಎರಡು ಭಾನುವಾರ ಅವರ ಕಣ್ಣಿಗೆ ಬೀಳಬಾರದೆಂದು ಹಿತ್ತಿಲ ದಾರಿಯಲ್ಲೇ ಮನೆಗೆ ಹೋಗಿ ಬಂದೆ. ತೋಟದ ಕಡೆ ತಲೆ ಹಾಕಲಿಲ್ಲ.

ಸಮಿತಿ ಬಂತು. ಚಿಪ್ಪಿನ ಕತೆ ಕೇಳಿ ಇಬ್ಬರೂ ಕುರ್ಚಿಯಲ್ಲಿ ಮುಂದೆ ಸರಿದು ಕೂತರು. ಅವರಲ್ಲಿ ಹಿರಿಯ ಹೆಂಗಸೊಬ್ಬರು, "ಇದನ್ನ ಆ ಅಣ್ಣತಮ್ಮಂದಿರಿಗೆ ಹೇಳಿದ್ರಾ?" ಎಂದು ಕೇಳಿದರು. ಅಧ್ಯಯನ ಮುಗಿದ ಮೇಲೆ ಹೇಳುವುದು ಪದ್ಧತಿ ಎಂದೆ. ಆಕೆ ನನ್ನನ್ನೇ ಒಂದು ಗಳಿಗೆ ನೋಡಿ ವರದಿ ಮುಚ್ಚಿದರು. ವಿಭಾಗ ಮಂಜೂರಾಯಿತು. ಪ್ರಿನ್ಸಿಪಾಲರು ಸ್ಟಾಫಿಗೆಲ್ಲ ಬೋಂಡ, ಕಾಫಿ ಹಾಕಿಸಿದರು.

ಆ ಶನಿವಾರ ಮಂಜೂರಾತಿ ಪತ್ರ ಹಿಡಿದು ಊರಿಗೆ ಹೋದೆ. ಅಪ್ಪ ಅದನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ದೊಡ್ಡಪ್ಪನ ಮನೇಗೆ ಒಂದ್ಸಲ ಹೋಗಿ ಬಾ ಮಗಾ. ಹುಷಾರಿಲ್ವೇನೋ. ಎರಡು ವಾರದಿಂದ ಚಿಪ್ಪೇ ಇಟ್ಟಿಲ್ಲ" ಎಂದರು.

ನನ್ನ ಗುಟ್ಟೆಲ್ಲ ಅಲ್ಲೇ ಹೊರಬಂತು. ಬೋರಲು ಚಿಪ್ಪಿನ ಅರ್ಥ ಇದು, ನೀನು ತಪ್ಪು ತಿಳಿದಿದ್ದೀಯ, ನನಗೆ ಗೊತ್ತಿದ್ದೂ ಹೇಳಲಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದರು.

"ಅಯ್ಯೋ, ನಂಗೊತ್ತಿಲ್ವಾ ಅದು? ಪಾತಿ ಒದ್ದೆಯಾಗಿರೋದು ಕಾಣಲ್ವಾ?"

"ಮತ್ತೆ ಚಿಪ್ಪು ಒದೀತಿದ್ದುದು?"

"ಅಂಥ ದಿನ ಬಗ್ಗೋಕೆ ಆಗಲ್ಲ ಕಣವ್ವ, ಅದುಕ್ಕೆ. ಚಿಪ್ಪು ಕೆಳಗೆ ಬಿದ್ದಿದ್ರೆ ನಾನು ಬಂದು ನೋಡ್ದೆ ಅಂತ ಅವನಿಗೆ ತಿಳೀತದೆ."

"ನೀರು ಯಾಕೆ ಮತ್ತೆ ಬಿಡೋದು?"

ಅಪ್ಪ ಈಗಲೂ ಮರದ ಕಡೆಗೇ ಮುಖ ತಿರುಗಿಸಿದರು. "ಅವನಿಗೆ ಕಣ್ಣು ಮಂಜಾಗೈತೆ. ಕೊನೇ ಎರಡು ಮರಕ್ಕೆ ನೀರು ಮುಟ್ಟಿರಲ್ಲ. ಅಷ್ಟು ಮಾಡ್ದೋನಿಗೆ ಅದನ್ನ ಎತ್ತಿ ಆಡೋಕಾಯ್ತದಾ?"

ನಾನು ಸಿಟ್ಟು ಎಂದು ಬರೆದುಕೊಂಡ ಮುಖ ಅದೇ. ನನ್ನ ಅಧ್ಯಯನದ ಮುಖ್ಯ ತೀರ್ಮಾನ ಅಲ್ಲಿಗೆ ಮಣ್ಣುಪಾಲಾಯಿತು. ಸಮಿತಿಗೆ ನಾನೇ ಕಾಗದ ಬರೆದು ತಪ್ಪು ಒಪ್ಪಿಕೊಂಡದ್ದು ಆಮೇಲಿನ ಮಾತು. ಅಂದು ಮೊದಲು ದೊಡ್ಡಪ್ಪನ ಮನೆಗೆ ಓಡಿದೆ, ಈ ಸಲ ಮುಂದಿನ ದಾರಿಯಲ್ಲೇ.

ಅವರು ಜಗಲಿಯ ಮೇಲೆ ಕೂತಿದ್ದರು. ಹುಷಾರಾಗಿಯೇ ಇದ್ದರು. ಚಿಪ್ಪು ಯಾಕೆ ಇಡುತ್ತಿಲ್ಲ ಎಂದು ಕೇಳಿದೆ.

"ವಿಚಾರಿಸ್ತೀನಿ ಅಂತ ಹೋದೆ. ಆಮೇಲೆ ಈ ಬೀದಿಗೇ ಬರ್ಲಿಲ್ಲ, ಹಿತ್ತಿಲ ಕಡೆಯಿಂದ ಹೋಗ್ತಿದ್ದೆ. ನಾನು ಕಂಡೆ ಕಣವ್ವ. ಅವನಿಗೆ ತಿಳಿದಿಲ್ಲ ಅಂತ್ಲೇ ಅರ್ಥ ಆಯ್ತು. ತಿಳೀದೇ ಇದ್ಮೇಲೆ ಇಟ್ಟು ಏನು ಸುಖ, ಬುಡು ಅಂತ ಬುಟ್ಟೆ."

ಹನ್ನೊಂದು ವರ್ಷ ಒಂದು ಮಾತೂ ಇಲ್ಲದೆ ನಡೆದುಕೊಂಡು ಬಂದದ್ದನ್ನು ನಾನು ಎರಡು ಭಾನುವಾರದಲ್ಲಿ ನಿಲ್ಲಿಸಿದ್ದೆ, ಅದೂ ಬಾಯಿ ಬಿಡದೆ. ಅವರ ಪಕ್ಕದಲ್ಲಿ ಕೂತು, ಅಪ್ಪ ಹೇಳಿದ್ದನ್ನೆಲ್ಲ ಹೇಳಿದೆ. ಕೊನೆಯ ಎರಡು ಮರಗಳ ವಿಷಯವನ್ನು ಮಾತ್ರ ಹೇಳಲಿಲ್ಲ. ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ದನಕ್ಕೆ ಹುಲ್ಲು ಹಾಕಬೇಕು ಎಂದು ಎದ್ದು ಹೋದರು.

ಮಾರನೆಯ ಬೆಳಿಗ್ಗೆ ನೋಟ್‌ಬುಕ್ಕನ್ನು ಮನೆಯಲ್ಲೇ ಬಿಟ್ಟು ಅಪ್ಪನ ಜೊತೆ ತೋಟಕ್ಕೆ ಹೋದೆ. ಗೇಟ್‌ವಾಲ್ ಮೇಲೆ ಚಿಪ್ಪು ಬೋರಲಾಗಿ ಕೂತಿತ್ತು. ಬೇಲಿಯ ಆಚೆ ದೊಡ್ಡಪ್ಪನ ಹಸು ಕಾಣುತ್ತಿತ್ತು, ದೊಡ್ಡಪ್ಪ ಕಾಣಲಿಲ್ಲ. ಅಪ್ಪ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದನ್ನು ನನ್ನ ಹೆಗಲ ಮೇಲೆ ಊರಿ, ಕಾಲೆತ್ತಿ ಚಿಪ್ಪನ್ನು ಒದ್ದರು.