ಗೂಗಿಯ ಬಾಣಂತನ

ಇನ್ನೊಬ್ಬರ ಮೇಲೆ ಗೂಬೆ ಕೂರಿಸುವುದರಲ್ಲಿ ನಾವೆಲ್ಲ ನಿಪುಣರು. ಗೂಬೆ ತಾನಾಗಿ ಎಲ್ಲಿ ಕೂರುತ್ತದೆ ಎಂದು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ಲಕ್ಷ್ಮಿಯನ್ನು ಬಾ ಬಾ ಎಂದು ಕರೆದು, ಅವಳ ವಾಹನ ಮಾಳಿಗೆಯ ಮೇಲೆ ಕೂತರೆ ಶಾಂತಿ ಮಾಡಿಸುವ ಜನ ನಾವು. ಪಾಪ, ಅವಳೇನು ನಡೆದುಕೊಂಡು ಬರಬೇಕೇ?

ಎಂಬತ್ತರ ದಶಕದ ಕೊನೆಗೆ ನಾನು ಚಿಕ್ಕೋಡಿಯಲ್ಲಿ ಮಾಸ್ತರನಾಗಿದ್ದೆ. ಕೊರಳಿಗೆ ದುರ್ಬೀನು ಬಿದ್ದರೆ ಪಕ್ಷಿತಜ್ಞನಾದಂತೆ ಎಂದು ನಂಬಿದ್ದ ಕಾಲ. ಶಿರಗುಪ್ಪಿಯಲ್ಲಿ ಸೋದರತ್ತೆ ಗಂಗವ್ವನ ಕಬ್ಬಿನ ಹೊಲದಂಚಿನ ಎತ್ತರದ ಹುಲ್ಲಿನಲ್ಲಿ ಹುಲ್ಲುಗೂಬೆ ಮರಿ ಮಾಡಿತ್ತು. ನಮ್ಮ ಕಡೆ ಗೂಬೆಗೆ ಗೂಗಿ ಎನ್ನುತ್ತಾರೆ. ಇದು ನೆಲದ ಮೇಲೇ ಗೂಡು ಕಟ್ಟುವ ಅಪರೂಪದ ಗೂಗಿ. ಸುದ್ದಿ ತಿಳಿದದ್ದೇ ತಡ, ಮಿರಜಿನ ಗೆಳೆಯರಿಗೆಲ್ಲ ಡಂಗುರ ಸಾರಿದೆ. ಮುಂದಿನ ರವಿವಾರ ಜೀಪು ತುಂಬ ಜನ ಬಂದಿಳಿದರು.

ಅತ್ತೆ ಎಮ್ಮೆಗೆ ಬರೀ ಕಬ್ಬಿನ ಸೋಗೆ ಹಾಕಿ ಆ ಹುಲ್ಲನ್ನು ಕೊಯ್ಯದೆ ಉಳಿಸಿದ್ದಳು. ಅಪಶಕುನವೆಂದು ಕೋಲು ಹಿಡಿದು ಬಂದವರನ್ನು, "ನನ್ನ ಹೊಲದಾಗ ಇಲಿ ಹಿಡ್ಯಾಕ ನೀವು ಬರ್ತೀರೇನು?" ಎಂದು ಗದರಿಸಿ ಅಟ್ಟಿದ್ದಳು. ನಮ್ಮನ್ನು ಗದರಿಸುವಂತಿರಲಿಲ್ಲ, ನಾವು ಅತಿಥಿಗಳು. ಹಾಗಾಗಿ ಚಹಾ ಕೊಟ್ಟಳು. ಅವಲಕ್ಕಿ ಕೊಟ್ಟಳು. ಮತ್ತೆ ಚಹಾ. ಹೊತ್ತು ಇಳಿಯುತ್ತಿತ್ತು, ಗೂಗಿ ಹೊರಬೀಳುವ ಸಮಯ. ನಾನು ಚಾಪೆಯ ಮೇಲೆ ಚಡಪಡಿಸುತ್ತಿದ್ದೆ.

ಕೊನೆಗೆ ಗುಂಪಿನ ಹಿರಿಯರು, ನಾವೆಲ್ಲ ಕಾಕಾ ಎನ್ನುತ್ತಿದ್ದವರು, ಎದ್ದು ನಿಂತರು. ಅತ್ತೆಯನ್ನು ಅವರು ಮರಾಠಿಯಲ್ಲಿ ವಹಿನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು. "ವಹಿನಿ, ಲಗೂನ ನೋಡಿ ಬರ್ತೇವ್ರಿ."

ಅತ್ತೆ ಬಾಗಿಲಿಗೆ ಅಡ್ಡ ನಿಂತಳು. "ಮರಿಗೋಳು ಇನ್ನೂ ಹಾರಂಗಿಲ್ರಿ. ನೀವು ತುಳಿದ ಹಾದಿ ಹಿಡಿದು ನಾಯಿ ಹೊಕ್ಕಾವು. ಅಲ್ರೀ, ಬಾಣಂತಿ ಖೋಲಿಗೆ ಗಂಡಸರು ಹಿಂಡುಗಟ್ಟಿ ಹೋಗ್ತಾರೇನ್ರಿ?"

ದುರ್ಬೀನುಗಳು ಚೀಲ ಸೇರಿದವು. ಜೀಪು ಹಾಗೇ ಮಿರಜಿನ ದಾರಿ ಹಿಡಿಯಿತು. ನನಗೆ ಅತ್ತೆಯ ಮೇಲೆ ಎಲ್ಲಿಲ್ಲದ ಸಿಟ್ಟು.

ಮರುವಾರ ನಾನು ಅತ್ತೆಯ ಮನೆಯಲ್ಲಿದ್ದಾಗ ಕಾಕಾ ಒಬ್ಬರೇ ಬಸ್ಸಿನಲ್ಲಿ ಬಂದರು. ದುರ್ಬೀನಿರಲಿಲ್ಲ, ಕೈಯಲ್ಲೊಂದು ಗಂಟಿತ್ತು. ಬಿಚ್ಚಿದರೆ ಒಣಕೊಬ್ಬರಿ, ಉತ್ತತ್ತಿ, ಅಂಟು, ಬೆಲ್ಲ. "ಬಾಣಂತಿ ಮನಿಗೆ ಬರಿಗೈಲೆ ಬರಬಾರದಲ್ರಿ, ವಹಿನಿ!" ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಾಣಂತಿಯರಿಗೆ ಕೊಡುವ ಅಂಟಿನುಂಡಿ ಕಟ್ಟಿ ನಮಗೇ ತಿನ್ನಿಸಿದಳು. ಸಂಜೆ ಹುಲ್ಲಿನ ಕಡೆಯಿಂದ ಮರಿಗಳು ಬುಸುಗುಟ್ಟುವುದು ಕೇಳಿಸಿತು. ಕಾಕಾ ಕಣ್ಣು ಮುಚ್ಚಿ ಕೇಳಿದರು, ಕೂತಲ್ಲಿಂದ ಏಳಲಿಲ್ಲ.

ಮರಿಗಳೆಲ್ಲ ಹಾರಿಹೋದವೆಂದು ಅತ್ತೆ ಆಮೇಲೆ ನಮಗೆ ಸುದ್ದಿ ಕಳಿಸಿದಳು; ಗೂಗಿಯನ್ನು ನಾವು ಕಣ್ಣಾರೆ ಕಾಣಲೇ ಇಲ್ಲ. ಈಗ ಅವಳೂ ಇಲ್ಲ, ಆ ಹುಲ್ಲೂ ಇಲ್ಲ, ನೆನೆದರೆ ಸಂಕಟವಾಗುತ್ತದೆ. ಆಮೇಲೆ ಎಷ್ಟೋ ಹಕ್ಕಿಗಳನ್ನು ಕಂಡೆ, ಹೆಸರೂ ಮರೆತೆ. ಆ ಗೂಗಿಯೊಂದು ಮಾತ್ರ ನಮ್ಮ ಮನೆಯವಳಂತೆ ಉಳಿದಿದೆ. ನೋಡಲು ಹೋದ ನಾವು ಅವಳ ಕ್ಷೇಮ ವಿಚಾರಿಸಿಕೊಂಡು ಬಂದಿದ್ದೆವು.